ಕುರ್ಚಿ ಮಲಗಿಸುವ ಮನೆ

ಅಮ್ಮ ಸಂತೆಯಿಂದ ಬರುವಷ್ಟರಲ್ಲಿ ಮಾವ ಊಟದ ಮೇಜಿನ ಎರಡು ಕಾಲು ಕೊಯ್ದಾಗಿತ್ತು. ಮೂರನೆಯದರ ಮೇಲೆ ಗರಗಸ ಓಡುತ್ತಿತ್ತು. ಅಂಗಳದ ನಡುವೆ ಮೇಜು ಮಂಡಿಯೂರಿದ ಆಡಿನ ಹಾಗೆ ಮುಂದಕ್ಕೆ ಬಾಗಿ ನಿಂತಿತ್ತು. ಅದು ಅಲುಗಾಡದಂತೆ ಹಿಡಿದುಕೊಂಡಿದ್ದವಳು ಕಿರಿಯ ಮಗಳು ಬಿರಾಗೊ. ಬಾಗಿಲಲ್ಲಿ ಅಮ್ಮನ ಬುಟ್ಟಿ ಕಂಡ ಕೂಡಲೇ ಅವಳು ಕೈ ಬಿಟ್ಟಳು. ಮೇಜು ಮುಗ್ಗರಿಸಿತು.

“ಯಾರ ಮೇಜು ಅದು?” ಎಂದಳು ಅಮ್ಮ.

“ಮನೇದು,” ಎಂದ ಮಾವ, ತಲೆಯೆತ್ತದೆ.

“ಮನೇದಲ್ಲ, ನಂದು. ಇವರಪ್ಪ ನಂಗೆ ಕೊಡಿಸಿದ್ದು. ಅದಕ್ಕೆ ಗರಗಸ ಹಾಕೋಕೆ ನಿಂಗೆ ಕೈ ಹೇಗೆ ಬಂತಣ್ಣ?”

“ನಿನ್ನ ಮಗಳ ಕೈ ಹೋಗ್ತಿದೆ. ನೀನು ಮೇಜಿನ ಕಾಲಿಗೆ ಅಳ್ತಿದೀಯ.”

ಅಮ್ಮ ಬುಟ್ಟಿ ಇಳಿಸಿ, ಟೊಮೇಟೊ ಒಂದು ಕಡೆ, ಒಣಮೀನು ಒಂದು ಕಡೆ ಬೇರ್ಪಡಿಸತೊಡಗಿದಳು. ಮೀನನ್ನು ಅಷ್ಟು ಜೋರಾಗಿ ಇಡುವ ಅಗತ್ಯವೇನೂ ಇರಲಿಲ್ಲ.

ಹೋಗುತ್ತಿದ್ದುದು ಬಿರಾಗೊಳ ಅಕ್ಕ ಪೊಕುವಾಳ ಬಲಗೈ. ಅವಳು ಮೊದಲು ಕುಮಾಸಿ ನಗರದ ವಕೀಲರೊಬ್ಬರ ಬಳಿ ಟೈಪಿಸ್ಟ್ ಆಗಿದ್ದಳು. ಅದನ್ನು ಬಿಟ್ಟು ಈಗ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದಳು. ದೂರದ ದೇಶದ ವೈದ್ಯರು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ, ತಪ್ಪಿಲ್ಲದಂತೆ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಕಳಿಸಬೇಕು. ಕೆಲಸ ಕೊಟ್ಟ ಏಜೆನ್ಸಿ ಅವಳನ್ನು ಇನ್ನೂ ಪರೀಕ್ಷೆಗೆ ಇಟ್ಟುಕೊಂಡಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ವೇಗ, ತಪ್ಪು ಎಲ್ಲ ನೋಡಿ, ಇರು ಅಥವಾ ಹೋಗು ಎನ್ನುತ್ತಾರೆ. ಅಷ್ಟರಲ್ಲಿ ಅವಳ ಕಿರುಬೆರಳೂ ಅದರ ಪಕ್ಕದ್ದೂ ಮರಗಟ್ಟತೊಡಗಿದ್ದವು. ಕುತ್ತಿಗೆಯಿಂದ ಭುಜಕ್ಕೆ ಹಗ್ಗ ಬಿಗಿದ ಹಾಗೆ ನೋವು, ಸೊಂಟದಲ್ಲಿ ಇನ್ನೊಂದು. ದವಾಖಾನೆಯ ನರ್ಸ್ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನೀನು ಕೂರುವುದು ಸರಿಯಿಲ್ಲ ಎಂದಿದ್ದಳು.

ಸರಿಯಾಗಿ ಕೂರುವುದು ಎಂದರೇನೆಂದು ಪೊಕುವಾ ಏಜೆನ್ಸಿಯವರನ್ನು ಕೇಳಿದಾಗ ಅವರು ಒಂದು ಚಿತ್ರ ಕಳಿಸಿದರು. ಅದರಲ್ಲಿ ಮುಖವಿಲ್ಲದ ಒಬ್ಬ ಮನುಷ್ಯ ಕುಳಿತಿದ್ದ. ಅವನ ಮೊಣಕೈ, ಸೊಂಟ, ಮಂಡಿ ಮೂರರಲ್ಲೂ ಬಡಗಿಯ ಮೂಲೆಮಟ್ಟ ಇಟ್ಟ ಹಾಗೆ ಗೆರೆ ಎಳೆದಿದ್ದರು. ಮಾವ ಡಾರ್ಕೊಗೆ ಆ ಚಿತ್ರ ಬಹಳ ಹಿಡಿಸಿತು. ಅವರ ಊರು ಅಹ್ವಿಯಾದ ಅರ್ಧ ಜನರಂತೆ ಅವನೂ ಪೀಠ ಕೆತ್ತುವವನು. ಬಿಳಿಯ ಸೆಸೆ ಮರದ ಒಂದೇ ತುಂಡಿನಿಂದ, ಎಲ್ಲೂ ಜೋಡಿಸದೆ, ಬಾಚಿಯಿಂದ ಕಡೆದು ತೆಗೆಯುವ ಪೀಠ. ಕೂರುವವರನ್ನು ಒಮ್ಮೆ ನೋಡಿದರೆ ಸಾಕು, ಎತ್ತರ ತಿಳಿಯುತ್ತದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಅಕ್ಕನ ಮಕ್ಕಳಾಗಲಿ ತಂಗಿಯ ಮಕ್ಕಳಾಗಲಿ, ಅವರ ವಿಷಯದಲ್ಲಿ ಕೊನೆಯ ಮಾತು ಸೋದರಮಾವನದು. ಹಾಗಾಗಿ ಮೇಜು ಎತ್ತರವಾಯಿತು, ಅದಕ್ಕೇ ಹುಡುಗಿಯ ಭುಜ ಕಿವಿಗೆ ತಾಗುತ್ತಿದೆ ಎಂದು ತೀರ್ಮಾನಿಸಿ, ಯಾರನ್ನೂ ಕೇಳದೆ ಗರಗಸ ತಂದಿದ್ದ.

ನಾಲ್ಕೂ ಕಾಲು ಕೊಯ್ದ ಮೇಲೆ ಮೇಜು ಕುಂಟಿತು. ಉದ್ದವಿದ್ದ ಕಾಲನ್ನು ಸ್ವಲ್ಪ ಸವರಿದ. ಆಗ ಇನ್ನೊಂದು ಕಡೆ ಕುಂಟಿತು. ಅದನ್ನೂ ಸವರಿದ. ಕೊನೆಗೆ ಮೇಜು ನೆಟ್ಟಗೆ ನಿಂತಾಗ ಪೊಕುವಾಳ ಮಂಡಿ ಅದರ ಕೆಳಗೆ ಹೋಗಲಿಲ್ಲ. ಮಾವ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಕೊಯ್ದ ತುಂಡುಗಳಲ್ಲೇ ನಾಲ್ಕನ್ನು ಆರಿಸಿ ಕಾಲುಗಳ ಕೆಳಗೆ ಇಟ್ಟ.

“ಕೊಯ್ದಿದ್ದನ್ನೇ ವಾಪಸ್ ಇಡೋಕೆ ಒಂದು ದಿನ,” ಎಂದಳು ಅಮ್ಮ ಒಲೆಯ ಕಡೆಯಿಂದ. “ನಾಳೆ ಒರಳಿನ ತಳ ಕೊಯ್ಯಿ.”

ಕುರ್ಚಿ ಬಂದದ್ದು ಅದರ ಮರುವಾರ. ಕುಮಾಸಿಯಲ್ಲಿ ಬಾಗಿಲು ಮುಚ್ಚಿದ ಒಂದು ಕಚೇರಿಯ ಸಾಮಾನು ಮಾರುತ್ತಿದ್ದಾರೆಂದು ಕೇಳಿ, ಮಾವ ಎರಡು ಪೀಠ ಕೊಟ್ಟು ಅದನ್ನು ತಂದಿದ್ದ. ವ್ಯಾನಿನ ತಲೆಯ ಮೇಲೆ ಹಗ್ಗ ಬಿಗಿಸಿಕೊಂಡು ದೊರೆಯ ಹಾಗೆ ಬಂದ ಕಪ್ಪು ಕುರ್ಚಿಯನ್ನು ನೋಡಲು ರಸ್ತೆಬದಿಯ ಚಪ್ಪರಗಳಿಂದ ಕೆತ್ತುವವರೆಲ್ಲ ಬಾಚಿ ಹಿಡಿದುಕೊಂಡೇ ಎದ್ದು ಬಂದರು. ಐದು ಚಕ್ರ, ಎರಡು ತೋಳು, ಕೆಳಗೊಂದು ಹಿಡಿಕೆ. ಹಿಡಿಕೆ ಎತ್ತಿ ಕುಳಿತರೆ ಅದು ಉಸಿರು ಬಿಟ್ಟು ಕುಗ್ಗುತ್ತಿತ್ತು. ಏಳುತ್ತಾ ಎತ್ತಿದರೆ ಜೊತೆಗೇ ಮೇಲೆ ಬರುತ್ತಿತ್ತು. ಅದರ ಬಗ್ಗೆ ಮಾತೇ ಆಡುವುದಿಲ್ಲ ಎಂದಿದ್ದ ಅಮ್ಮನೂ ಒದ್ದೆ ಕೈಯಲ್ಲೇ ಒಮ್ಮೆ ಕುಳಿತಳು. ಸೊಂಟಕ್ಕೆ ಹಿತ ಎಂದು ಒಪ್ಪಿಕೊಂಡಳು. ಆಮೇಲೆ ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿ ನೋಡಿ, ಮೇಜಿನ ಕಡೆ ನೋಡಿ, ಅಣ್ಣನ ಕಡೆ ನೋಡಿದಳು. ಕುರ್ಚಿಯೇ ಏರಿ ಇಳಿಯುವುದಾದರೆ ಮೇಜಿನ ಕಾಲು ಕೊಯ್ಯುವ ಕೆಲಸವೇ ಇರಲಿಲ್ಲವಲ್ಲ ಎಂಬುದು ಮಾವನಿಗೂ ಅಷ್ಟರಲ್ಲಿ ಹೊಳೆದಿತ್ತು. ಅವನು ಹಗ್ಗ ಸುತ್ತುವುದರಲ್ಲಿ ಮಗ್ನನಾದ.

ಅಮ್ಮನಿಗೂ ಮಾವನಿಗೂ ತಾಯಿಯಾದ ಅಜ್ಜಿ ದುಫಿಯೆಯನ್ನು ಮೊಮ್ಮಕ್ಕಳು ಕರೆಯುವುದು ನಾನಾ ಎಂದು. ನಾನಾ ಕುರ್ಚಿಯ ಸುತ್ತ ಒಂದು ಸುತ್ತು ಬಂದು, ತೋಳು ಹಿಡಿದು ಕೂರಲು ಹೋದರು. ಕುರ್ಚಿ ಹಿಂದಕ್ಕೆ ಉರುಳಿತು. ನಿಂತಲ್ಲಿ ನಿಲ್ಲದ್ದರ ಮೇಲೆ ತಾನು ಕೂರುವುದಿಲ್ಲ ಎಂದು ದೂರ ಸರಿದರು. ಆದರೆ ಹೋಗಲಿಲ್ಲ.

“ಎದ್ದ ಮೇಲೆ ಇದು ಯಾವ ಕಡೆ ಮಲಗುತ್ತೆ?”

ಪೊಕುವಾ ನಕ್ಕಳು. “ನಾನಾ, ಇದು ಆಫೀಸ್ ಕುರ್ಚಿ. ಇದನ್ನ ಯಾರೂ ಮಲಗಿಸಲ್ಲ.”

ಆ ಮನೆಯಲ್ಲಿ ನಾನಾರ ಪೀಠ, ಮಾವನ ಪೀಠ, ಅಮ್ಮನ ಪೀಠ ಮೂರೂ, ಯಾರೂ ಕೂರದಿದ್ದಾಗ ಗೋಡೆಗೆ ಮುಖ ಮಾಡಿ ಪಕ್ಕಕ್ಕೆ ಒರಗಿ ಮಲಗಿರುತ್ತಿದ್ದವು. ಉಂಡ ಮೇಲೆ ಕೈ ತೊಳೆಯುವಷ್ಟು ಸಹಜವಾಗಿ ಎಲ್ಲರೂ ಎದ್ದ ಮೇಲೆ ಪೀಠ ಮಲಗಿಸುತ್ತಿದ್ದರು. ಖಾಲಿ ಪೀಠ ನೆಟ್ಟಗೆ ನಿಂತಿದ್ದರೆ, ಸತ್ತು ಅಲೆಯುತ್ತಿರುವವರು ಯಾರಾದರೂ ದಣಿವಾರಿಸಿಕೊಳ್ಳಲು ಕೂರುತ್ತಾರೆ. ಆಮೇಲೆ ಒಡೆಯ ಬಂದು ಕುಳಿತರೆ ಅವರ ಭಾರವೆಲ್ಲ ಅವನ ಸೊಂಟಕ್ಕೆ.

“ಪ್ಲಾಸ್ಟಿಕ್ ಕುರ್ಚಿ ಮಲಗಿಸು ಅಂದ್ನಾ ನಾನು?” ಎಂದರು ನಾನಾ. “ಅದು ಬಂದೋರದ್ದು, ಹೋದೋರದ್ದು. ಇದು ಯಾರದ್ದು?”

“ನಂದು.”

“ದಿನಾ ನಿನ್ನ ಮೈ ಬಿಸಿ ಇಳಿದ್ರೆ ಅದು ಪೀಠಾನೇ. ಚಕ್ರ ಇದ್ರೇನು, ರೆಕ್ಕೆ ಇದ್ರೇನು. ಈಗ್ಲೇ ಸೊಂಟ ನೋವು ಅಂತೀಯ. ಇನ್ನು ಖಾಲಿ ನಿಲ್ಲಿಸಿ ಹೋಗು, ದಾರೀಲಿ ಹೋಗೋರೆಲ್ಲ ಕೂತು ಹೋಗ್ಲಿ.”

ಪೊಕುವಾ ಮಾವನ ಕಡೆ ನೋಡಿದಳು. ಮಾವ ಆಗಷ್ಟೇ ತನ್ನ ಪೀಠದಿಂದ ಎದ್ದು, ಕಾಲಿನಿಂದಲ್ಲ, ಬಾಗಿ ಕೈಯಿಂದ ಅದನ್ನು ಮಲಗಿಸುತ್ತಿದ್ದ. ಅವನಿಂದ ಸಹಾಯ ಬರುವಂತಿರಲಿಲ್ಲ. ಕುರ್ಚಿಯ ತೋಳು ಗೀಚಿಹೋಗದಿರಲಿ ಎಂದು ಒಂದು ಹಳೆಯ ಕೋಕೋ ಚೀಲ ತಂದು ನೆಲಕ್ಕೆ ಹಾಸಿಕೊಟ್ಟ, ಅಷ್ಟೆ.

ಆ ವಾರವೆಲ್ಲ ಮನೆಗೆ ಅದೇ ಆಟ. ಶಾಲೆ ಬಿಟ್ಟಾಗಿನಿಂದ ಅಮ್ಮನ ಗಂಜಿ ಅಂಗಡಿ ಮತ್ತು ಮಾವನ ಪೀಠಗಳಿಗೆ ಉಪ್ಪುಕಾಗದ ಉಜ್ಜುವುದು ಇವೆರಡನ್ನೇ ನೋಡಿದ್ದ ಬಿರಾಗೊಗೆ, ಒಬ್ಬ ಮನುಷ್ಯ ಕೂರುವುದರಲ್ಲಿ ಇಷ್ಟೆಲ್ಲ ಇದೆಯೇ ಎಂದು ಬೆರಗು. ಅವಳು ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಹುಡುಗಿ. ಮನೆಯಲ್ಲೂ ಮಾತು ಕಡಿಮೆ. ಆದರೆ ಕಣ್ಣಿಗೆ ಬಿಡುವಿರಲಿಲ್ಲ. ಪರದೆ ಕೆಳಗಿದ್ದರೆ ಅಕ್ಕನ ಗಲ್ಲ ಎದೆಗೆ ಇಳಿಯುತ್ತದೆ, ಮೌಸ್ ದೂರವಿದ್ದರೆ ಭುಜ ಅದರ ಹಿಂದೆ ಓಡುತ್ತದೆ ಎಂದು ಬಾಗಿಲ ಬಳಿ ನಿಂತೇ ಅವಳು ಕಂಡುಕೊಂಡಳು. ಮಾವ ಲ್ಯಾಪ್‌ಟಾಪಿನ ಕೆಳಗೆ ಒಂದು ಮರದ ದಿಮ್ಮಿ ಇಟ್ಟು, ಅಕ್ಕನ ಕಣ್ಣಿನ ನೇರಕ್ಕೆ ಬರುವವರೆಗೆ ಅದನ್ನು ಸವರಿದ. ಹಾಗೆ ಎತ್ತರ ಹೋದ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಲು ಕೈ ಎಟುಕದೆ, ಬೇರೆ ಕೀಬೋರ್ಡ್ ಬಂತು. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಅಕ್ಕ ಕಣ್ಣು ಕಿರಿದು ಮಾಡುತ್ತಿದ್ದಳು. ಮೇಜನ್ನು ತಿರುಗಿಸಿದರು. ಮೇಜು ತಿರುಗಿದ್ದರಿಂದ ಅಮ್ಮನ ಬಟ್ಟೆಪೆಟ್ಟಿಗೆ ನಾನಾರ ಕೋಣೆಗೆ ಹೋಯಿತು. ಅದಕ್ಕೊಂದು ಜಗಳವಾಯಿತು.

ಕೊನೆಗೆ ಉಳಿದದ್ದು ಕಾಲು. ಕೈ ಸರಿಯಾಗುವಂತೆ ಕುರ್ಚಿ ಏರಿಸಿದರೆ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಪೊಕುವಾ ಕಿವಿಯಲ್ಲಿ ವೈದ್ಯರ ಮಾತು ಕೇಳುತ್ತಲೇ, ಮಾವ ಒಣಗಲು ಇಟ್ಟಿದ್ದ ಹೊಸ ಪೀಠವನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಎರಡೂ ಪಾದ ಇಟ್ಟಳು. ಬಾಗಿಲಿಗೆ ಬಂದ ಮಾವ ಅಲ್ಲೇ ನಿಂತ. ಅವನು ಬಯ್ಯಲಿಲ್ಲ. ಬಾಗಿ ಅವಳ ಒಂದೊಂದೇ ಪಾದವನ್ನು ಎತ್ತಿ ನೆಲದ ಕಡೆ ಇಳಿಬಿಟ್ಟು, ಪೀಠವನ್ನು ಒರೆಸಿಕೊಂಡು ಎತ್ತಿಕೊಂಡು ಹೋದ. ಪೊಕುವಾಳ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನ ಮಾವ ಒಂದು ಇಳಿಜಾರಾದ ಹಲಗೆ ತಂದು ಮೇಜಿನಡಿ ನೂಕಿ, ಇದು ಪೀಠವಲ್ಲ, ಬರೀ ಮರ, ಎಷ್ಟು ಬೇಕಾದರೂ ತುಳಿ ಎಂದ.

ಈಗ ಅವಳು ಚಿತ್ರದ ಮನುಷ್ಯನ ಹಾಗೆಯೇ ಕುಳಿತಿದ್ದಳು. ಮೊಣಕೈ, ಸೊಂಟ, ಮಂಡಿ ಮೂರೂ ಮೂಲೆಮಟ್ಟಕ್ಕೆ ಸರಿ. ಅಮ್ಮ ಗಂಜಿ ಕುಡಿಯಲು ಬಂದವರನ್ನೆಲ್ಲ ಒಳಗೆ ಕರೆದು ತೋರಿಸಿದಳು. ಇನ್ನು ಅವಳು ಅಲ್ಲಿಂದ ಕದಲದ ಹಾಗೆ ನೋಡಿಕೊಳ್ಳುವುದಷ್ಟೇ ಮನೆಯವರ ಕೆಲಸ ಎಂದಾಯಿತು. ಬೇಯಿಸಿದ ಮರಗೆಣಸನ್ನು ಒನಕೆಯಿಂದ ಫುಫು ಮುದ್ದೆಯಾಗಿ ಕುಟ್ಟುವುದರಿಂದ ಅವಳಿಗೆ ಬಿಡುಗಡೆ. ಊಟವನ್ನು ಬಿರಾಗೊ ಮೇಜಿಗೇ ಒಯ್ಯುತ್ತಿದ್ದಳು. ನೀರಿನ ಪೊಟ್ಟಣಗಳನ್ನು ಬೆಳಿಗ್ಗೆಯೇ ಪಕ್ಕದಲ್ಲಿ ಜೋಡಿಸಿಡುತ್ತಿದ್ದಳು. ಅಲ್ಲಿಯ ಹಲವು ಗಂಡಂದಿರ ಹಾಗೆ ಅಪ್ಪ ಇದ್ದುದು ಊರಿನ ಇನ್ನೊಂದು ಕೊನೆಯಲ್ಲಿ, ತನ್ನ ತಾಯಿಯ ಮನೆಯಲ್ಲಿ. ಸಂಜೆ ಅವನ ಊಟವನ್ನು ಮುಚ್ಚಿದ ಬೋಗುಣಿಯಲ್ಲಿ ಹೊತ್ತೊಯ್ಯುವುದು ಮೊದಲಿನಿಂದ ದೊಡ್ಡ ಮಗಳ ಪಾಲಿನ ಕೆಲಸ. ಅದೂ ಈಗ ಬಿರಾಗೊಗೆ ಬಂತು.

ನೋವು ಮಾತ್ರ ಹೋಗಲಿಲ್ಲ. ಹೆಚ್ಚಾಯಿತು. ಮರಗಟ್ಟುತ್ತಿದ್ದ ಎರಡು ಬೆರಳಿನ ಜೊತೆ ಮೂರನೆಯದೂ ಸೇರಿತು. ಒಂದು ದಿನ ಅವಳು ಸಾರಿನಲ್ಲಿದ್ದ ಮೀನಿನ ಮುಳ್ಳನ್ನು ಬೆರಳಿನಿಂದ ತಿಳಿಯದೆ ಬಾಯಿಗೆ ಹಾಕಿಕೊಂಡಳು. ಏಜೆನ್ಸಿಯಿಂದ, ತಪ್ಪುಗಳು ಹೆಚ್ಚುತ್ತಿವೆ, ಗಮನವಿರಲಿ ಎಂದು ಸಂದೇಶ ಬಂತು. ಪರೀಕ್ಷೆಯ ಕೊನೆಯ ದಿನ ಹತ್ತಿರವಾಗುತ್ತಿತ್ತು.

ಎಲ್ಲರೂ ಒಂದೊಂದು ಹೇಳಿದರು. ಮಾವ ಕೀಬೋರ್ಡಿನ ಅಡಿಗೆ ಮರದ ಸಿಬಿರು ಇಟ್ಟು ಓರೆ ಮಾಡಿದ, ತೆಗೆದ, ಮತ್ತೆ ಇಟ್ಟ. ಅಮ್ಮ ಆ ಕೆಲಸವೇ ಬೇಡ, ಕುಮಾಸಿಯಲ್ಲಿ ಚಿಕ್ಕಮ್ಮನ ಬಟ್ಟೆ ಅಂಗಡಿಗೆ ಹೋಗಲಿ, ಅಲ್ಲಿ ಕೈಗಿಂತ ಬಾಯಿಗೆ ಕೆಲಸ ಎಂದಳು. ಪೊಕುವಾ ಹೆಡ್‌ಫೋನ್ ಕಿವಿಗೇರಿಸಿಕೊಂಡಳು. ನಾನಾ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದರು. ಕುರ್ಚಿಯನ್ನು ಯಾರು, ಯಾವಾಗ ನಿಲ್ಲಿಸಿ ಬಿಟ್ಟಿದ್ದರು?

ಬಿರಾಗೊಗೆ ಇದು ಬಿಡಿಸಲಾಗದ ಒಗಟಿನ ಹಾಗೆ ಕಾಡಿತು. ಎಲ್ಲ ಸರಿಯಿದ್ದೂ ಸರಿಯಾಗುತ್ತಿಲ್ಲ ಎಂದರೆ, ನೋಡದೆ ಬಿಟ್ಟದ್ದು ಏನೋ ಇರಬೇಕು. ಅವಳು ಗುಡಿಸುವ ನೆಪದಲ್ಲಿ, ಒರೆಸುವ ನೆಪದಲ್ಲಿ ಒಳಗೆ ಹೊರಗೆ ಓಡಾಡಿ ನೋಡಿದಳು. ಮೂಲೆಮಟ್ಟ ಎಲ್ಲೂ ತಪ್ಪಿರಲಿಲ್ಲ. ತಪ್ಪಿದ್ದು ಬೇರೆ ಕಡೆ ಕಂಡಿತು. ಬೆಳಿಗ್ಗೆ ಜೋಡಿಸಿಟ್ಟ ನೀರಿನ ಪೊಟ್ಟಣಗಳು ಸಂಜೆಯೂ ಹಾಗೇ ಹೊಟ್ಟೆ ಉಬ್ಬಿಸಿಕೊಂಡು ಕುಳಿತಿದ್ದವು. ಮರುದಿನವೂ ಹಾಗೆಯೇ.

ಸಂಜೆ ಅಕ್ಕನ ಭುಜಕ್ಕೆ ನೋವಿಗೆಂದು ಶಿಯಾ ಕಾಯಿಯ ಬೆಣ್ಣೆ ಉಜ್ಜುವಾಗ ಅವಳು ಕೇಳಿದಳು.

“ಅಕ್ಕ, ನೀರು ಯಾಕೆ ಕುಡಿಯಲ್ಲ ನೀನು?”

“ಕುಡಿದ್ರೆ ಏಳಬೇಕಲ್ಲ.”

“ಎದ್ರೆ?”

“ಎದ್ರೆ ಅದನ್ನ ಮಲಗಿಸಬೇಕು. ಬಂದು ಎತ್ತಬೇಕು. ಎತ್ತೋದ್ರಲ್ಲಿ ಭುಜ ಬಿದ್ದುಹೋಗುತ್ತೆ. ಕತ್ತೆ ತೂಕ ಇದೆ ಕಣೆ ಅದು. ಬೆಳಿಗ್ಗೆ ಒಂದ್ಸಲ ಕೂತ್ರೆ ಮಧ್ಯಾಹ್ನ ಒಂದ್ಸಲ ಏಳ್ತೀನಿ, ಆಮೇಲೆ ಕತ್ತಲಾದ ಮೇಲೆ.” ಪೊಕುವಾ ಕಣ್ಣು ಮುಚ್ಚಿಕೊಂಡೇ ನಕ್ಕಳು. “ನಾನಾಗೆ ಹೇಳ್ಬೇಡ. ಅವರಿಗೆ ಬೇಜಾರಾಗುತ್ತೆ.”

ಬಿರಾಗೊ ಹೇಳಲಿಲ್ಲ. ಹೇಳಿದರೆ, ಮೊಮ್ಮಗಳ ಕೈ ಹೋಗಲು ನೀವೇ ಕಾರಣ ಎಂದು ಹಿರಿಯರ ಮುಖಕ್ಕೆ ಹೇಳಿದಂತೆ. ಆದರೆ ನಿಜವೋ ಅಲ್ಲವೋ ಎಂದು ತಿಳಿಯದೆ ಅವಳಿಗೆ ಸಮಾಧಾನವಿರಲಿಲ್ಲ. ಮರುದಿನ ಮಧ್ಯಾಹ್ನ ಅವಳು ಅಕ್ಕನ ಊಟವನ್ನು ಮೇಜಿಗೆ ಒಯ್ಯಲಿಲ್ಲ. ಬೇಯಿಸಿದ ಗೆಣಸು, ಕೆಸುವಿನ ಸೊಪ್ಪಿನ ಪಲ್ಯ ಅಂಗಳದಲ್ಲೇ ಇದೆ, ತನಗೆ ಕೈ ಬಿಡುವಿಲ್ಲ ಎಂದು ಕೂಗಿ ಹೇಳಿದಳು. ಅಕ್ಕ ಗೊಣಗುತ್ತಾ ಎದ್ದಳು. ಚೀಲದ ಮೇಲೆ ಕುರ್ಚಿ ಮಲಗಿದ ಸದ್ದು ಕೇಳಿಸಿತು. ಅಂಗಳಕ್ಕೆ ಬಂದವಳು ಉಂಡು, ಕೈ ತೊಳೆದು, ಕೋಳಿಗೆ ನಾಲ್ಕು ಕಾಳು ಎರಚಿ, ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಬಿರಾಗೊ ದೂರದಿಂದಲೇ ಅವಳ ಬೆರಳು ನೋಡುತ್ತಿದ್ದಳು. ಅವು ಅಂಗೈಯೊಳಗೆ ಮಡಚಿ ಬಿಡಿಸಿ ಮಡಚಿ ಬಿಡಿಸಿ ಆಡುತ್ತಿದ್ದವು. ಕುರ್ಚಿ ಎತ್ತಿ ನಿಲ್ಲಿಸಲು ಬಿರಾಗೊ ತಾನೇ ಹೋಗಿ ಕೈಕೊಟ್ಟಳು.

ಇನ್ನೊಂದು ಸಂಜೆ ಕಾಲು ಉಳುಕಿದೆ ಎಂದು ಸುಳ್ಳು ಹೇಳಿದಳು. ಅಪ್ಪನ ಬೋಗುಣಿಯನ್ನು ಅಕ್ಕನೇ ತಲೆಯ ಮೇಲೆ ಹೊತ್ತು ಹೊರಟಳು. ಹೋಗುವಾಗ ಸಿಡುಕಿಕೊಂಡು ಹೋದವಳು ಬರುವಾಗ ದಾರಿಯಲ್ಲಿ ಕೇಳಿದ ಒಂದು ಮದುವೆಯ ಸುದ್ದಿಯನ್ನು ತೋಳು ಬೀಸಿ ಬೀಸಿ ಹೇಳುತ್ತಾ ಬಂದಳು. ಆ ಸಂಜೆ ಶಿಯಾ ಬೆಣ್ಣೆ ಬೇಕೆಂದು ಕೇಳಲಿಲ್ಲ.

ಆದರೆ ಮನೆಯವರು ನೋಡಿದ್ದು ಬೇರೆ. ಅಕ್ಕ ನೋವಿನಲ್ಲಿರುವಾಗ ತಂಗಿ ಮೈಗಳ್ಳಿಯಾಗುತ್ತಿದ್ದಾಳೆ. ಒಂದು ಸಂಜೆ ಎಲ್ಲರೂ ಕಡಲೆಕಾಯಿ ಸಾರಿನ ಬೋಗುಣಿಯ ಸುತ್ತ ಕುಳಿತಿದ್ದಾಗ ಅಮ್ಮ ಅದನ್ನು ಎತ್ತಿದಳು.

“ನಿನ್ನ ಕಾಲು ಒಂದಿನ ಬಲಗಡೆ ಉಳುಕುತ್ತೆ, ಒಂದಿನ ಎಡಗಡೆ. ನಾನು ನೋಡ್ತಾನೇ ಇದೀನಿ. ಅವಳ ಊಟ ಒಯ್ದು ಕೊಡೋಕೂ ಆಗಲ್ವಾ ನಿಂಗೆ?”

ಬಿರಾಗೊ ಫುಫುವಿನ ತುತ್ತನ್ನು ಬೆರಳಲ್ಲೇ ಹಿಡಿದು ಕುಳಿತಳು.

“ಬಿಡಮ್ಮ,” ಎಂದಳು ಪೊಕುವಾ.

“ಯಾಕೆ ಬಿಡಲಿ? ನಿನ್ನ ಕೆಲಸ ಹೋದ್ರೆ ಇವಳು ಟೈಪ್ ಮಾಡ್ತಾಳಾ?”

“ಕುರ್ಚೀನೂ ಇವಳೇ ನಿಲ್ಲಿಸಿ ಬಿಟ್ಟಿರ್ಬೇಕು,” ಎಂದರು ನಾನಾ. “ಗುಡಿಸೋಕೆ ಅಂತ ಎತ್ತೋದು, ಹಾಗೇ ಮರೆಯೋದು. ಹೇಳು ಮಗಾ. ಬಯ್ಯಲ್ಲ.”

ಎಲ್ಲರ ಕಣ್ಣೂ ಬಿರಾಗೊಳ ಮೇಲೆ ಬಿದ್ದವು. ಅವಳು ತುತ್ತನ್ನು ಬೋಗುಣಿಯ ಅಂಚಿಗೆ ಇಟ್ಟಳು. ನೋಟ ಸಾರಿನಿಂದ ಮೇಲೆ ಏಳಲಿಲ್ಲ.

“ಯಾರೂ ನಿಲ್ಲಿಸಿ ಬಿಟ್ಟಿಲ್ಲ ನಾನಾ. ಅಕ್ಕ ಏಳೋದೇ ಇಲ್ಲ.”

“ಏಳಲ್ಲ ಅಂದ್ರೆ?”

“ಕುರ್ಚಿ ಭಾರ. ಮಲಗಿಸಿ ಎತ್ತೋಕೆ ಅವಳ ಕೈಲಿ ಆಗಲ್ಲ. ಅದಕ್ಕೆ ನೀರೂ ಕುಡಿಯಲ್ಲ. ನಾವೂ ಎಲ್ಲಾನೂ ಅಲ್ಲಿಗೇ ಒಯ್ತೀವಿ. ಬೆಳಿಗ್ಗೆ ಕೂತೋಳು ಕೂತೇ ಇರ್ತಾಳೆ. ಎದ್ದು ಓಡಾಡಿದ ದಿನ ಬೆರಳು ಆಡುತ್ತೆ. ನಾನು ನೋಡಿದೀನಿ. ಕಾಲು ಉಳುಕಿರ್ಲಿಲ್ಲ.”

ಅಷ್ಟು ಮಾತನ್ನು ಅವಳು ಒಂದೇ ಉಸಿರಿಗೆ ಆಡಿದ್ದನ್ನು ಆ ಮನೆ ಕೇಳಿರಲಿಲ್ಲ. ಮಾವ ಬಾಯಿಗೆ ಒಯ್ಯುತ್ತಿದ್ದ ಕೈಯನ್ನು ಕೆಳಗಿಳಿಸಿದ. ಅಮ್ಮ ಪೊಕುವಾಳ ಮುಖ ನೋಡಿದಳು. ಪೊಕುವಾ ತಲೆ ತಗ್ಗಿಸಿದ್ದೇ ಉತ್ತರವಾಯಿತು. ಆ ಚಿತ್ರದವನು ಕೂತಿರೋದನ್ನ ಮಾತ್ರ ಬರೆದ್ರು, ಎದ್ದಿದ್ದನ್ನ ಯಾರೂ ಬರೀಲಿಲ್ಲ ಎಂದು ಮಾವ ತನ್ನಷ್ಟಕ್ಕೇ ಗೊಣಗಿದ.

ಅಮ್ಮ ಕೂಡಲೇ, ಹಾಗಾದರೆ ಆ ಮಲಗಿಸುವ ಶಾಸ್ತ್ರ ಬಿಟ್ಟುಬಿಡಲಿ ಎಂದಳು. ಅದನ್ನು ಹೇಳಿ ಮುಗಿಸುವ ಮೊದಲೇ ತನ್ನ ತಾಯಿಯ ಕಡೆ ನೋಡಿ ದನಿ ಇಳಿಸಿದಳು. ನಾನಾ ಕೋಪ ಮಾಡಿಕೊಳ್ಳಲಿಲ್ಲ. ಕೈ ತೊಳೆದು, ಸೀರೆಯಂತೆ ಸುತ್ತಿದ್ದ ಬಟ್ಟೆಯ ತುದಿಯಲ್ಲಿ ಒರೆಸಿಕೊಂಡು, ಗೋಡೆಗೆ ಒರಗಿ ಮಲಗಿದ್ದ ಒಂದು ಹಳೆಯ ಪೀಠವನ್ನು ಬಹಳ ಹೊತ್ತು ನೋಡಿದರು. ಅದು ಅವರ ತಾಯಿಯದು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ.

“ಮಲಗಿಸೋದು ಯಾಕೆ, ಫ್ರೇಮಾ?” ಎಂದು ಮಗಳನ್ನು ಕೇಳಿದರು.

“ಖಾಲಿ ಇರಬಾರದು ಅಂತ.”

“ಹಾಂ. ಖಾಲಿ ಇರಬಾರದು. ಮಲಗಿಸಲೇಬೇಕು ಅಂತ ಯಾರು ಹೇಳಿದ್ರು? ಒಬ್ಬರು ಕೂತಿರೋ ಪೀಠದ ಮೇಲೆ ಇನ್ನೊಬ್ಬರು ಹೇಗೆ ಕೂರ್ತಾರೆ, ಸತ್ತೋರೇ ಆಗ್ಲಿ?”

“ಬೇರೆಯವರು ಕೂರಬಹುದಾ ಅಮ್ಮ, ಅವಳ ಪೀಠದಲ್ಲಿ?” ಎಂದು ಮಾವ ತಾಯಿಯನ್ನು ಕೇಳಿದ.

“ಬೇರೆಯವರು ಕೂರಬಾರದು. ಒಂದೇ ಹೊಟ್ಟೇಲಿ ಹುಟ್ಟಿದೋರು ಬೇರೆಯವರಾ? ರಕ್ತ ಒಂದೇ. ಪೊಕುವಾ ಎದ್ದ ಕೂಡ್ಲೇ ಇವಳು ಕೂರ್ಲಿ. ಅವಳು ಬಂದ ಮೇಲೆ ಏಳ್ಲಿ. ಸಂಜೆ ಕೆಲಸ ಮುಗಿದ ಮೇಲೆ ಡಾರ್ಕೊ ಮಲಗಿಸ್ತಾನೆ. ತಂದೋನು ಅವನೇ ಅಲ್ವಾ, ಎತ್ತಲಿ.”

ಹಾಗಾದರೆ ಅಡುಗೆಮನೆಗೆ ಯಾರು, ಉಪ್ಪುಕಾಗದ ಉಜ್ಜುವವರು ಯಾರು ಎಂದು ಅಮ್ಮ ಲೆಕ್ಕ ಹಾಕತೊಡಗಿದಳು. ಪೊಕುವಾ ಎದ್ದಾಗಲೆಲ್ಲ ಸ್ವಲ್ಪ ಸ್ವಲ್ಪ ತಾನೇ ಮಾಡುತ್ತೇನೆ ಎಂದಳು. ಯಾರ ಕೆಲಸ ಯಾರದ್ದು ಎಂಬುದು ಆ ಸಂಜೆ ಬೋಗುಣಿ ಖಾಲಿಯಾಗುವಷ್ಟರಲ್ಲಿ ಅದಲು ಬದಲಾಯಿತು. ನಿನಗೆ ಒಪ್ಪಿಗೆಯೇ ಎಂದು ಬಿರಾಗೊಳನ್ನು ಯಾರೂ ಕೇಳಲಿಲ್ಲ. ಆದರೆ ಅವಳು ಅಂಚಿಗಿಟ್ಟಿದ್ದ ತುತ್ತನ್ನು ಎತ್ತಿ ನುಂಗಿದಳು.

ಮೊದಲ ದಿನ ಕುರ್ಚಿಯ ತುದಿಯಲ್ಲಿ, ಎದ್ದು ಓಡಲು ಸಿದ್ಧಳಾದವಳ ಹಾಗೆ, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕುಳಿತಳು. ಅಕ್ಕ ಹೊರಗೆ ಗಂಜಿಯ ಪಾತ್ರೆ ಉಜ್ಜುತ್ತಿದ್ದಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಕೆಲವು ದಿನಗಳಲ್ಲಿ ಬೆನ್ನು ತಾನಾಗಿಯೇ ಹಿಂದಕ್ಕೆ ಹೋಗಿ ಒರಗಿತು. ಅಕ್ಕನಿಗಿಂತ ಅವಳು ಗಿಡ್ಡ. ಮಾವ ಒಂದು ಮಧ್ಯಾಹ್ನ ಬಂದು ಕಾಲಡಿಯ ಹಲಗೆಯ ಮೇಲೆ ಇನ್ನೊಂದು ತೆಳು ಹಲಗೆ ಇಟ್ಟು ಹೋದ.

ಪೊಕುವಾ ಈಗ ನೀರು ಕುಡಿಯುತ್ತಿದ್ದಳು. ಕುಡಿದಷ್ಟೂ ಏಳುತ್ತಿದ್ದಳು. ಎಡಗೈಗೆ ಭಾರ ಕೊಟ್ಟು ಒನಕೆ ಹಿಡಿದು ಸ್ವಲ್ಪ ಕುಟ್ಟಿದಳು. ಒರಳಿಗೆ ಕೈ ಹಾಕಿ ಮುದ್ದೆ ಮಗುಚುವ ಕೆಲಸಕ್ಕೆ ಮಾತ್ರ ಅಮ್ಮ ಅವಳನ್ನು ಬಿಡಲಿಲ್ಲ. ಮರಗಟ್ಟಿದ ಬೆರಳು ಒನಕೆಯ ಕೆಳಗೆ ಸಿಕ್ಕರೆ ಎಂಬ ಭಯ. ಬೆರಳುಗಳು ಒಂದೇ ಸಲಕ್ಕೆ ಸರಿಹೋಗಲಿಲ್ಲ. ಮೂರನೆಯದು ಮೊದಲು ಬಿಟ್ಟುಕೊಟ್ಟಿತು. ಕಿರುಬೆರಳು ಹಟ ಹಿಡಿದು ಕುಳಿತಿತ್ತು. ಒಂದು ಬೆಳಿಗ್ಗೆ ಅವಳು ಕಣ್ಣು ಮುಚ್ಚಿಕೊಂಡು, ನಾನಾರ ಬಟ್ಟೆಯ ಅಂಚನ್ನು ಆ ಬೆರಳಿನಿಂದಲೇ ಮುಟ್ಟಿ, ಇದು ಹೊಲಿಗೆ, ಇದು ಬಟ್ಟೆ ಎಂದು ಹೇಳಿದಳು. ಅಮ್ಮ ಕಣ್ಣೊರೆಸಿಕೊಂಡು, ಇಷ್ಟಕ್ಕೆ ನನ್ನ ಮೇಜು ಹೋಯಿತು ಎಂದಳು.

ಮಳೆ ಕಡಿಮೆಯಾಗುತ್ತಾ ಬಂದಾಗ ಏಜೆನ್ಸಿಯಿಂದ ಉತ್ತರ ಬಂತು. ವೇಗ ಇನ್ನೂ ಹೆಚ್ಚಬೇಕು, ಆದರೆ ತಪ್ಪುಗಳು ಕಡಿಮೆಯಾಗಿವೆ, ಇರು ಎಂದಿದ್ದರು. ಅವತ್ತು ಅಮ್ಮ ಕೋಳಿ ಕೊಯ್ದಳು. ಅಪ್ಪನ ಬೋಗುಣಿಗೆ ಕಾಲಿನ ತುಂಡು ಹಾಕಿ ಮುಚ್ಚಿದಳು. ಅದನ್ನು ತಲೆಯ ಮೇಲಿಟ್ಟುಕೊಂಡು ಪೊಕುವಾ ಹೊರಟಳು. ಹೊರಡುವಾಗ ತಂಗಿಗೆ, ಸುಮ್ಮನೆ ಕೂರಬೇಡ, ಹೆಡ್‌ಫೋನ್ ಹಾಕಿಕೊ ಎಂದಳು. ಹೊಸಬರು ಕಲಿಯಲಿ ಎಂದು ಏಜೆನ್ಸಿಯವರು ಕಟ್ಟಿದ ಒಂದು ಮಾತಿನ ತುಣುಕು ಅದರಲ್ಲಿದೆ, ತಿಳಿದ ಪದವನ್ನು ಬರಿ, ತಿಳಿಯದ್ದಕ್ಕೆ ಜಾಗ ಬಿಡು ಎಂದಳು.

ಬಿರಾಗೊ ಕುರ್ಚಿಯನ್ನು ಒಂದು ಹಿಡಿಯಷ್ಟು ಏರಿಸಿದಳು. ಪಾದಗಳನ್ನು ಹಲಗೆಗೆ ಊರಿದಳು. ಭುಜ ಇಳಿಬಿಟ್ಟಳು. ಕಿವಿಯೊಳಗೆ ಒಬ್ಬ ಗಂಡಸು ಬೇಸರದ ದನಿಯಲ್ಲಿ ಮಾತಾಡತೊಡಗಿದ. ಶಾಲೆಯಲ್ಲಿ ಕಲಿತು ಬಿಟ್ಟಿದ್ದ ಇಂಗ್ಲಿಷಿನ ಒಂದೊಂದೇ ಪದ ಹೊಳೆಯಲ್ಲಿ ಮೀನು ಮಿಂಚಿದ ಹಾಗೆ ಮೇಲೆ ಬಂದು ಮುಳುಗುತ್ತಿತ್ತು.

ಬಾಗಿಲಲ್ಲಿ ನಾನಾ ಬಂದು ನಿಂತರು. ದಿನಾ ಆ ಹೊತ್ತಿಗೆ ಅವರು ಕುರ್ಚಿ ಖಾಲಿಯಿಲ್ಲ ತಾನೇ ಎಂದು ನೋಡಿಹೋಗುತ್ತಿದ್ದರು. ಇವತ್ತು ಹೋಗದೆ, ತಮ್ಮ ಪೀಠವನ್ನು ಎತ್ತಿ ನಿಲ್ಲಿಸಿಕೊಂಡು ಪಕ್ಕದಲ್ಲೇ ಕುಳಿತರು.

“ಏನಂತಾನೆ ಅವನು?”

ಬಿರಾಗೊ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದಳು.

“ಯಾರಿಗೋ ಸೊಂಟ ನೋವಂತೆ, ನಾನಾ. ಬಹಳ ದಿನದಿಂದ. ಏನೇನೋ ಮಾಡಿ ನೋಡಿದ್ರಂತೆ. ಯಾಕೆ ಅಂತ ಗೊತ್ತಾಗ್ತಿಲ್ವಂತೆ.”

ನಾನಾ ಪೀಠವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ಮನೇಲಿ ತಂಗಿ ಇಲ್ಲ ಅಂತ ಕಾಣುತ್ತೆ,” ಎಂದರು.

ಬಿರಾಗೊ ಮತ್ತೆ ಹೆಡ್‌ಫೋನ್ ಹಾಕಿಕೊಂಡು, ಗುಂಡಿ ಒತ್ತಿ ಮಾತನ್ನು ಮೊದಲಿಗೆ ಓಡಿಸಿದಳು. ಆ ಮನುಷ್ಯ ದಿನಕ್ಕೆ ಎಷ್ಟು ಸಲ ಏಳುತ್ತಾನೆಂದು ಎಲ್ಲಾದರೂ ಹೇಳಿದ್ದಾರೋ ಏನೋ, ಕೇಳಬೇಕಿತ್ತು.